‘ಕಾಮಗಾರಿ ಪ್ರಗತಿಯಲ್ಲಿದೆ’ ಫಲಕದ ಹಿಂದಿನ ಕಡತ ಹುಡುಕುವುದು ಹೇಗೆ?

ನಮ್ಮ ಬೀದಿಯ ಚರಂಡಿ ಕೆಲಸ ಅರ್ಧಕ್ಕೆ ನಿಂತು ಎಂಟು ತಿಂಗಳಾಗಿತ್ತು. ಮುಖ್ಯರಸ್ತೆಯಿಂದ ಅರಳಿಮರದವರೆಗೆ ಚಪ್ಪಡಿ ಮುಚ್ಚಿದ ಚೊಕ್ಕ ಚರಂಡಿ. ಮರದ ಬುಡದಲ್ಲಿ ಕಾಂಕ್ರೀಟಿನಿಂದ ಚಾಚಿಕೊಂಡ ಕಬ್ಬಿಣದ ಸರಳುಗಳು. ಅಲ್ಲಿಂದಾಚೆ ಸೊಂಟದ ಆಳದ ಹಳ್ಳ, ಅದರಲ್ಲಿ ಹಸಿರುಗಟ್ಟಿದ ನೀರು. ಎದುರುಮನೆ ಅಜ್ಜಿ ಹಳೇ ಬಾಗಿಲೊಂದನ್ನು ಹಳ್ಳಕ್ಕೆ ಅಡ್ಡ ಹಾಕಿಸಿಕೊಂಡು ಅದರ ಮೇಲೆ ಓಡಾಡುತ್ತಿದ್ದರು.

ದೂರು ಕೊಟ್ಟೆವು. ನಾಲ್ಕನೇ ದಿನ ಮೊಬೈಲಿಗೆ ಸಂದೇಶ ಬಂತು: ಕೆಲಸ ಪೂರ್ಣಗೊಂಡಿದೆ, ದೂರು ಮುಕ್ತಾಯ. ಮತ್ತೆ ಕೊಟ್ಟೆವು, ಮತ್ತೆ ಮುಕ್ತಾಯ. ಹೀಗೆ ಐದು ಸಲ. ಹಾಡಹಗಲೇ ಸುಳ್ಳು ಹೇಳ್ತಾರಲ್ಲ ಅಂತ ಬೀದಿಯವರೆಲ್ಲ ರೇಗಾಡಿದೆವು. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿ ನೋಡಿದರೆ, ಅವರು ಹೇಳಿದ್ದು ನಿಜವೇ ಆಗಿತ್ತು! ಕಾಗದದಲ್ಲಿ ಆ ಕೆಲಸ ಮುಗಿದಿತ್ತು. ನಮ್ಮ ಬೀದಿಯ ಚರಂಡಿಯನ್ನು ಎರಡು ಕಾಮಗಾರಿಯಾಗಿ ಒಡೆದಿದ್ದರು. ಅರಳಿಮರದವರೆಗಿನದು ಒಂದು, ಆಚೆಯದು ಇನ್ನೊಂದು. ಎರಡನೆಯದಕ್ಕೆ ಟೆಂಡರನ್ನೇ ಕರೆದಿರಲಿಲ್ಲ. ಜೆಸಿಬಿ ಹೇಗೂ ಬಂದಿದೆಯಲ್ಲ ಅಂತ ಮೊದಲ ಗುತ್ತಿಗೆದಾರ ಬೀದಿ ಪೂರ್ತಿ ಅಗೆದು, ತನ್ನ ಪಾಲು ಕಟ್ಟಿ, ಬಿಲ್ ತಗೊಂಡು ಹೋಗಿದ್ದ.

ಅಂದರೆ ಎಂಟು ತಿಂಗಳು ನಾವು ಕೇಳುತ್ತಿದ್ದ ಪ್ರಶ್ನೆಯೇ ತಪ್ಪು. ‘ಯಾವಾಗ ಮುಗಿಸ್ತೀರಿ?’ ಅಂದರೆ ‘ಬೇಗ ಆಗುತ್ತೆ ಸಾರ್’ ಅನ್ನೋ ಉತ್ತರ ಯಾವ ಕಚೇರಿಯಲ್ಲೂ ಪುಕ್ಕಟೆ ಸಿಗುತ್ತದೆ. ‘ಇದರ ಕಡತ ಯಾರ ಮೇಜಿನ ಮೇಲಿದೆ, ಯಾವ ಕಾಗದಕ್ಕಾಗಿ ಕಾಯ್ತಿದೆ?’ ಅಂದಾಗ ಮಾತ್ರ ಎದುರಿನವರು ಕನ್ನಡಕ ಹಾಕಿಕೊಳ್ಳುತ್ತಾರೆ. ಈ ಬರಹ ಆ ಎರಡನೇ ಪ್ರಶ್ನೆ ಕೇಳುವುದು ಹೇಗೆ ಅನ್ನುವುದರ ಬಗ್ಗೆ.

ಹೆಜ್ಜೆ 1: ಇದು ಯಾರ ಕೆಲಸ?

ಬೆಂಗಳೂರಿನಲ್ಲಿ ಅರ್ಧ ದೂರುಗಳು ಸಾಯುವುದು ತಪ್ಪು ಬಾಗಿಲು ತಟ್ಟಿದ್ದರಿಂದ. 2025ರ ಸೆಪ್ಟೆಂಬರ್ 2ರಿಂದ ಹಳೇ ಮಹಾನಗರ ಪಾಲಿಕೆಯಾದ ಬಿಬಿಎಂಪಿ ಇಲ್ಲ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳು. ಹಳೆಯ 198 ವಾರ್ಡ್‌ಗಳ ಗಡಿಯೂ ಈಗ ಇಲ್ಲ. ಆದ್ದರಿಂದ ನಿಮ್ಮ ಬೀದಿ ಈಗ ಯಾವ ಪಾಲಿಕೆ, ಯಾವ ವಾರ್ಡ್ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಹಳೇ ಕಾಮಗಾರಿಗಳ ಕಡತದಲ್ಲಿ ಮಾತ್ರ ಹಳೇ ವಾರ್ಡ್ ಸಂಖ್ಯೆಯೇ ಇರುತ್ತದೆ. ಎರಡನ್ನೂ ಬರೆದಿಟ್ಟುಕೊಂಡರೆ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂಬ ಮಾತು ಒಂದು ಸುತ್ತು ಕಡಿಮೆಯಾಗುತ್ತದೆ.

ಇನ್ನು ಯಾವ ತೊಂದರೆ ಯಾರದು ಅನ್ನುವುದು. ಬೀದಿಯ ಗುಂಡಿ, ಫುಟ್‌ಪಾತ್, ಮಳೆನೀರು ಚರಂಡಿ, ಬೀದಿದೀಪ ಪಾಲಿಕೆಯವು, ಸಹಾಯವಾಣಿ 1533. ಬೀದಿದೀಪ ಕೆಟ್ಟರೆ ಜನ ಬೆಸ್ಕಾಂಗೆ ಫೋನ್ ಮಾಡುತ್ತಾರೆ, ಅವರು ಪಾಲಿಕೆ ಕಡೆ ಕೈತೋರಿಸುತ್ತಾರೆ. ವಾಲಿದ ವಿದ್ಯುತ್ ಕಂಬ, ಕಿಡಿ ಹಾರುವ ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ಕರೆಂಟ್ ತಂತಿಗೆ ಮಾತ್ರ ಬೆಸ್ಕಾಂನ 1912. ಕುಡಿಯುವ ನೀರು ಮತ್ತು ಉಕ್ಕುವ ಮ್ಯಾನ್‌ಹೋಲ್ ಜಲಮಂಡಳಿಯವು, 1916. ಮೋರಿ ವಾಸನೆ ಬರುತ್ತಿದ್ದರೆ ಹರಿಯುತ್ತಿರುವುದು ಮಳೆ ನೀರೋ ಕಕ್ಕಸಿನ ನೀರೋ ನೋಡಿಕೊಳ್ಳಿ. ಮಳೆಚರಂಡಿಗೆ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಸೇರಿಕೊಂಡಿದ್ದರೆ ಎರಡೂ ಕಡೆ ಬರೆಯಬೇಕು, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಲೇ ಇರುತ್ತಾರೆ. ಕಸ, ಬೀದಿ ಬದಿಯಲ್ಲಿ ಕಸ ಸುರಿಯುವ ‘ಬ್ಲ್ಯಾಕ್‌ಸ್ಪಾಟ್’ ಘನತ್ಯಾಜ್ಯ ನಿರ್ವಹಣಾ ಕಂಪನಿಗೆ ಸೇರಿದ್ದು. ಸಿಗ್ನಲ್ ದೀಪ ಸಂಚಾರ ಪೊಲೀಸರದು. ಹೊಸೂರು ರಸ್ತೆ, ತುಮಕೂರು ರಸ್ತೆ, ಬಳ್ಳಾರಿ ರಸ್ತೆಯ ಹೆದ್ದಾರಿ ಭಾಗಗಳಲ್ಲಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಬರುತ್ತದೆ. ಹೆದ್ದಾರಿ ಪ್ರಾಧಿಕಾರಕ್ಕೂ ರೈಲ್ವೆಗೂ ಕೇಂದ್ರ ಸರ್ಕಾರದ ದೂರು ತಾಣವಾದ ಸಿಪಿಗ್ರಾಮ್ಸ್‌ನಲ್ಲಿ ದೂರು ಕೊಡಬೇಕು. ಪಾಲಿಕೆ ಕಚೇರಿಯಲ್ಲಿ ಅದಕ್ಕಾಗಿ ಚಪ್ಪಲಿ ಸವೆಸಬೇಡಿ.

ಯಾರದೆಂದು ತಿಳಿಯದೆ ಹೋದರೆ ರಾಜ್ಯ ಸರ್ಕಾರದ ಜನಸ್ಪಂದನ 1902 ಇದೆ. ಅಲ್ಲಿ ಕೊಟ್ಟ ದೂರು ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ. ಹೋದಮೇಲೆ ಅದರ ಬೆನ್ನು ಹತ್ತುವುದು ನಿಮ್ಮ ಪಾಲಿಗೇ ಉಳಿಯುತ್ತದೆ.

ಅತಿ ಹೆಚ್ಚು ತಲೆನೋವು ಕೊಡುವುದು ಅಗೆದು ಬಿಟ್ಟ ರಸ್ತೆ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಅಷ್ಟರಲ್ಲಿ ಆ ಹಳ್ಳಿಗಳ ರಸ್ತೆಗಳು ನೀರಿನ ಪೈಪಿಗೆ ಒಮ್ಮೆ, ಯುಜಿಡಿಗೆ ಒಮ್ಮೆ, ಕೇಬಲ್ಲಿಗೆ ಒಮ್ಮೆ ಹೊಟ್ಟೆ ಸೀಳಿಸಿಕೊಂಡವು. ಇಂಥ ಕಡೆ ಜಗಳ ಒಂದೇ: ಅಗೆದವರು ಮುಚ್ಚಬೇಕೋ, ರಸ್ತೆಯವರು ಮುಚ್ಚಬೇಕೋ? ಉತ್ತರ ರಸ್ತೆ ಅಗೆತದ ಅನುಮತಿ ಪತ್ರದಲ್ಲಿರುತ್ತದೆ. ಎಷ್ಟು ಮೀಟರ್ ಅಗೆಯಲು ಒಪ್ಪಿಗೆ, ಯಾವ ತಾರೀಖಿನವರೆಗೆ, ದುರಸ್ತಿ ಶುಲ್ಕ ಕಟ್ಟಿದ್ದಾರೋ ಅಥವಾ ತಾವೇ ಸರಿಮಾಡುತ್ತೇವೆ ಅಂತ ಬರೆದುಕೊಟ್ಟಿದ್ದಾರೋ ಎಂಬುದು. ಕೇಳಬೇಕಾದ ಕಾಗದ ಅದು.

ಹೆಜ್ಜೆ 2: ಸಾಕ್ಷಿ

ಫೋಟೊ ತೆಗೆಯುವಾಗ ಬರೀ ಗುಂಡಿ ತೆಗೆಯಬೇಡಿ. ಊರಿನ ಗುಂಡಿಗಳೆಲ್ಲ ಫೋಟೊದಲ್ಲಿ ಒಂದೇ ಥರ ಕಾಣುತ್ತವೆ. ಹಿಂದೆ ಅಂಗಡಿ ಬೋರ್ಡೋ, ಮನೆ ನಂಬರೋ, ಕಂಬದ ಸಂಖ್ಯೆಯೋ ಬರುವಂತೆ ಒಂದು, ಹತ್ತಿರದಿಂದ ಒಂದು. ಟೇಪ್ ಹಿಡಿದು ಉದ್ದ ಅಗಲ ಆಳ ಅಳೆಯಿರಿ. ‘ದೊಡ್ಡ ಗುಂಡಿ’ ಅನ್ನುವುದಕ್ಕೂ ‘4 ಅಡಿ ಉದ್ದ, 9 ಇಂಚು ಆಳ, ಶಾಲೆಯ ಗೇಟಿಗೆ 30 ಅಡಿ ದೂರ’ ಅನ್ನುವುದಕ್ಕೂ ಅಜಗಜಾಂತರ. ಕಾಮಗಾರಿ ಫಲಕವಿದ್ದರೆ ಅದರ ಫೋಟೊ ಮೊದಲ ದಿನವೇ ತೆಗೆದಿಡಿ. ಕೆಲಸ ಕುಂಟಲು ಶುರುವಾದ ಮೇಲೆ ಫಲಕಕ್ಕೆ ಕಾಲು ಬರುತ್ತದೆ.

ಪಾಲಿಕೆಯ ‘ಸಹಾಯ’ ಆ್ಯಪಿನಲ್ಲೋ 1533ರಲ್ಲೋ ದೂರು ಕೊಟ್ಟು ಸಂಖ್ಯೆ ಪಡೆಯಿರಿ. ಸುಮ್ಮನೆ ಮುಚ್ಚಿದರೆ ಹಳೇ ದೂರು ಸಂಖ್ಯೆ ಉಲ್ಲೇಖಿಸಿ ಹೊಸದು ಕೊಡಿ. ನಮ್ಮ ಐದು ‘ಮುಕ್ತಾಯ’ ಸಂದೇಶಗಳು ಆಮೇಲೆ ನಮ್ಮ ಅತ್ಯುತ್ತಮ ದಾಖಲೆಗಳಾದವು. ಸಿಟ್ಟಿನಲ್ಲಿ ಅಳಿಸಿಹಾಕಿದ್ದರೆ ಕೆಡುತ್ತಿತ್ತು.

ಹೆಜ್ಜೆ 3: ಮುದ್ರೆ ಬಿದ್ದ ಪತ್ರ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಂಜಿನಿಯರ್ ಇದ್ದಾರೆ, ಅವರೇ ‘ನೋಡ್ತೀನಿ’ ಅಂದಿದ್ದಾರೆ ಅಂತ ನೆಚ್ಚಿಕೊಂಡು ಕೂರಬೇಡಿ. ಅವರಿಗೆ ವರ್ಗಾವಣೆಯಾದರೆ ಆ ಮಾತೂ ಅವರ ಜೊತೆಗೇ ಹೋಗುತ್ತದೆ. ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕಡತದ ಟಿಪ್ಪಣಿಯೂ ಕನ್ನಡದಲ್ಲೇ ನಡೆಯುವುದರಿಂದ ನಿಮ್ಮ ವಾಕ್ಯವೇ ನೇರವಾಗಿ ಅಲ್ಲಿಗೆ ಏರುವ ಸಾಧ್ಯತೆ ಹೆಚ್ಚು.

ಯಾರಿಗೆ? ವಾರ್ಡಿನಲ್ಲಿ ಓಡಾಡುವವರು ಸಹಾಯಕ ಎಂಜಿನಿಯರ್, ಅಂದರೆ ಎಇ. ಅವರ ಮೇಲೆ ಉಪವಿಭಾಗಕ್ಕೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್, ಅಂದರೆ ಎಇಇ, ವಿಭಾಗಕ್ಕೆ ಕಾರ್ಯಪಾಲಕ ಎಂಜಿನಿಯರ್. ಪತ್ರವನ್ನು ಎಇಇಗೆ ಬರೆದು ಕಾರ್ಯಪಾಲಕ ಎಂಜಿನಿಯರ್‌ಗೆ ಪ್ರತಿ ಹಾಕುವುದು ನನ್ನ ಅನುಭವದಲ್ಲಿ ಸರಿಯಾದ ಎತ್ತರ. ನೇರ ಮುಖ್ಯಮಂತ್ರಿಗೆ ಬರೆದ ಪತ್ರ ನಾಲ್ಕು ಮೆಟ್ಟಿಲು ಇಳಿದು ಮತ್ತೆ ಅದೇ ಎಇ ಕೈಗೇ ಬರುತ್ತದೆ, ಅಷ್ಟರಲ್ಲಿ ಮಳೆಗಾಲ ಬಂದಿರುತ್ತದೆ.

ಎರಡು ಪ್ರತಿ ಒಯ್ಯಿರಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮುದ್ರೆ, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ‘ಇಲ್ಲಿ ಇಟ್ಟು ಹೋಗಿ ಸಾರ್, ಕೊಡ್ತೀವಿ’ ಅಂದರೆ ನಗುನಗುತ್ತಲೇ ನಿಂತುಕೊಳ್ಳಿ. ಮುದ್ರೆ ಸಿಗದೆ ಹೋದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಪತ್ರ ಒಂದು ಪುಟ ಮೀರದಿರಲಿ, ಒಂದೇ ವಿಷಯವಿರಲಿ. ಚರಂಡಿಯ ಪತ್ರದಲ್ಲೇ ಬೀದಿನಾಯಿ, ಪಾರ್ಕಿನ ಬೀಗ, ಮೂಲೆಮನೆಯವರ ಕಾರು ಎಲ್ಲ ಸೇರಿಸಿದರೆ ಅದು ಯಾವ ಮೇಜಿಗೂ ಸೇರದೆ ತೇಲುತ್ತದೆ. ಹತ್ತು ಮನೆಯವರ ಸಹಿ ಇದ್ದರೆ ಒಳ್ಳೆಯದು. ಇನ್ನೂರು ಸಹಿ ಬೇಕೇಬೇಕೆಂದು ಎರಡು ತಿಂಗಳು ಅಲೆದವರನ್ನೂ ನೋಡಿದ್ದೇನೆ. ಆ ಎರಡು ತಿಂಗಳು ದಂಡ.

ಕಾಲದ ವಿಷಯವನ್ನೂ ನೋಡಿಕೊಳ್ಳಿ. ಮಳೆಯಲ್ಲಿ ಡಾಂಬರು ನಿಲ್ಲುವುದಿಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ‘ಮಳೆ ನಿಲ್ಲಲಿ ಸಾರ್’ ಅನ್ನುವ ಮಾತಿಗೆ ಎದುರು ಮಾತಿಲ್ಲ. ಹಣಕಾಸಿನ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಫೆಬ್ರವರಿ, ಮಾರ್ಚಿನಲ್ಲಿ ಎಲ್ಲರೂ ಬಿಲ್ಲಿನ ಗಡಿಬಿಡಿಯಲ್ಲಿರುತ್ತಾರೆ. ರಸ್ತೆಯ ಅರ್ಜಿಗೆ ನವೆಂಬರ್ ಪ್ರಶಸ್ತ ಮುಹೂರ್ತ. ಚರಂಡಿ ಹೂಳೆತ್ತುವುದಾದರೆ ಜನವರಿಯಲ್ಲೇ ಕೇಳಬೇಕು. ಮೇ ತಿಂಗಳ ಮೊದಲ ಮಳೆಗೆ ಮನೆಯೊಳಗೆ ನೀರು ಬಂದಮೇಲೆ ಕೇಳಿದರೆ ಮರಳಿನ ಮೂಟೆ ಸಿಗಬಹುದು, ಅಷ್ಟೇ.

ಹೆಜ್ಜೆ 4: ಕಾಮಗಾರಿಯ ಜಾತಕ

ಪಾಲಿಕೆಯ ಪ್ರತಿ ಕಾಮಗಾರಿಗೂ ಒಂದು ಜಾಬ್ ಕೋಡ್ ಇರುತ್ತದೆ. ಬಿಬಿಎಂಪಿ ಕಾಲದ ಕೋಡ್‌ಗಳಲ್ಲಿ ಮೊದಲು ವಾರ್ಡ್ ಸಂಖ್ಯೆ, ಆಮೇಲೆ ವರ್ಷ, ಆಮೇಲೆ ಕ್ರಮಸಂಖ್ಯೆ. ಈ ಕೋಡ್ ಕೈಗೆ ಸಿಕ್ಕಿತೆಂದರೆ ಅರ್ಧ ಯುದ್ಧ ಗೆದ್ದಂತೆ. ಅಂದಾಜು ಪಟ್ಟಿ, ಟೆಂಡರ್, ಕಾರ್ಯಾದೇಶ, ಆದ ಕೆಲಸ ಬರೆದಿಡುವ ಅಳತೆ ಪುಸ್ತಕ, ಬಿಲ್ ಎಲ್ಲವೂ ಆ ಒಂದೇ ದಾರಕ್ಕೆ ಪೋಣಿಸಿಕೊಂಡಿರುತ್ತವೆ. ಕೋಡ್ ಫಲಕದಲ್ಲಿ ಇರಬಹುದು, ಇಲ್ಲದಿದ್ದರೆ ಎಇ ಅವರನ್ನೇ ಕೇಳಿ. ಕೋಡ್ ಕೇಳುವವರನ್ನು ಕಂಡರೆ ಅವರ ದನಿಯೇ ಬದಲಾಗುವುದನ್ನು ನೀವು ಗಮನಿಸಬಹುದು.

ಕರ್ನಾಟಕದಲ್ಲಿ ಸರ್ಕಾರಿ ಖರೀದಿ ಮತ್ತು ಕಾಮಗಾರಿಗಳು 1999ರ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತವೆ. ಸಾಮಾನ್ಯವಾಗಿ ಕೆಟಿಪಿಪಿ ಕಾಯ್ದೆ ಎನ್ನುತ್ತಾರೆ. ಟೆಂಡರುಗಳು ಕೆಪಿಪಿಪಿ ಎಂಬ ಜಾಲತಾಣದಲ್ಲಿರುತ್ತವೆ. ಅದರಲ್ಲಿ ನಿಮ್ಮ ಬಡಾವಣೆಯ ಹೆಸರು ಹಾಕಿ ಹುಡುಕಿ. ಹೆಸರಿನ ಕಾಗುಣಿತ ಹೇಗೆ ಬೇಕಾದರೂ ಇರಬಹುದು, ನಾಲ್ಕಾರು ಥರ ಹಾಕಿ ನೋಡಬೇಕು. ಟೆಂಡರ್ ಕಾಣದಿದ್ದರೆ ಸಾಮಾನ್ಯವಾಗಿ ಎರಡು ಸಾಧ್ಯತೆ: ಕರೆದೇ ಇಲ್ಲ, ಅಥವಾ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ನೇರವಾಗಿ ಕೊಟ್ಟಿದ್ದಾರೆ. 4(ಜಿ)ಗೆ ಸರ್ಕಾರದ ಅಧಿಸೂಚನೆ ಇರಬೇಕು. ಅದರ ಪ್ರತಿಯನ್ನೂ ಕೇಳುವ ಪಟ್ಟಿಗೆ ಸೇರಿಸಿಕೊಳ್ಳಿ.

ಹೆಜ್ಜೆ 5: ಮಾಹಿತಿ ಹಕ್ಕು, ಹತ್ತು ರೂಪಾಯಿ

2005ರ ಮಾಹಿತಿ ಹಕ್ಕು ಕಾಯ್ದೆ ಎಲ್ಲರಿಗೂ ಗೊತ್ತು. ಅರ್ಜಿ ಬರೆಯುವುದು ಮಾತ್ರ ಕೆಲವರಿಗೇ ಗೊತ್ತು. ಎಲ್ಲರೂ ಮಾಡುವ ತಪ್ಪು ‘ಏಕೆ ತಡವಾಯಿತು?’ ಎಂದು ಕೇಳುವುದು. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು. ವಿವರಣೆ, ಸಮಜಾಯಿಷಿ ಅದರ ಲೆಕ್ಕಕ್ಕೆ ಬರುವುದಿಲ್ಲ. ‘ಏಕೆ’ ಎಂದಿರೋ, ‘ಮಾಹಿತಿ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಒಂದೇ ಸಾಲಿನಲ್ಲಿ ತಿರುಗಿಸುತ್ತಾರೆ. ಕಾಗದದ ಹೆಸರು ಹೇಳಿ ಕೇಳಿ.

ಕರ್ನಾಟಕದ ನಿಯಮದಲ್ಲಿ ಇನ್ನೊಂದು ಕೊಕ್ಕೆ ಇದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ನಮ್ಮ ಮೊದಲ ಅರ್ಜಿ ಮೂರು ಪುಟದ ಪುರಾಣವಾಗಿತ್ತು, ಅದು ವಾಪಸ್ ಬಂತು. ಎರಡನೇ ಸಲ ಬರೆದದ್ದು ಹೆಚ್ಚುಕಡಿಮೆ ಹೀಗೆ:

‘ವಿಷಯ: … ಬಡಾವಣೆ 3ನೇ ಅಡ್ಡರಸ್ತೆಯ ಚರಂಡಿ ಕಾಮಗಾರಿಯ ದಾಖಲೆಗಳು.
ಕಳೆದ ಮೂರು ಹಣಕಾಸು ವರ್ಷಗಳಲ್ಲಿ ಈ ರಸ್ತೆಯಲ್ಲಿ ಕೈಗೊಂಡ ಚರಂಡಿ ಕಾಮಗಾರಿಗಳಿಗೆ ಸಂಬಂಧಿಸಿದಂತೆ ಕೆಳಗಿನವುಗಳ ದೃಢೀಕೃತ ಪ್ರತಿ ನೀಡಿ: 1. ಜಾಬ್ ಕೋಡ್ ಪಟ್ಟಿ. 2. ಮಂಜೂರಾದ ಅಂದಾಜು ಪಟ್ಟಿ ಮತ್ತು ನಕ್ಷೆ. 3. ಕಾರ್ಯಾದೇಶ. 4. ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಯಾದ ಬಿಲ್‌ಗಳು. 5. ಅವಧಿ ವಿಸ್ತರಣೆಯ ಆದೇಶಗಳು, ಗುತ್ತಿಗೆದಾರರಿಗೆ ನೀಡಿದ ನೋಟಿಸ್‌ಗಳು. 6. ದೋಷ ಹೊಣೆಗಾರಿಕೆ ಅವಧಿ ನಮೂದಾಗಿರುವ ಒಪ್ಪಂದದ ಪುಟ. ಸೆಕ್ಷನ್ 2(ಜೆ) ಅಡಿ ಕಡತ ಹಾಗೂ ಕಾಮಗಾರಿಯ ಪರಿಶೀಲನೆಗೆ ದಿನಾಂಕ ತಿಳಿಸಿ.’

ಕೊನೆಯ ಸಾಲನ್ನು ಬಿಡಬೇಡಿ. 2(ಜೆ) ಸೆಕ್ಷನ್ ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಿಮಗಿದೆ. ಕಡತ ಎದುರಿಗೆ ತೆರೆದಿಟ್ಟುಕೊಂಡು ಒಂದು ಗಂಟೆ ಓದಿದರೆ ತಿಳಿಯುವುದು ನೂರು ಪುಟದ ಜೆರಾಕ್ಸಿನಲ್ಲಿ ತಿಳಿಯುವುದಿಲ್ಲ. ನಮ್ಮ ಬೀದಿಯ ಗುಟ್ಟು ರಟ್ಟಾದದ್ದೇ ಹಾಗೆ. ಅಂದಾಜು ಪಟ್ಟಿಯ ಉದ್ದ 118 ಮೀಟರ್, ನಾವು ಅಳೆದ ಬೀದಿ 240 ಮೀಟರ್. ಪಕ್ಕದಲ್ಲಿ ಕೂತಿದ್ದ ಗುಮಾಸ್ತರೇ ‘ಇನ್ನೊಂದು ಜಾಬ್ ಕೋಡ್ ಇರಬೇಕಲ್ಲ’ ಅಂದರು. ಪುಣ್ಯಾತ್ಮ, ಅವರಿಗೊಂದು ನಮಸ್ಕಾರ.

ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ರಾಜ್ಯದ ಆನ್‌ಲೈನ್ ಆರ್‌ಟಿಐ ತಾಣವೂ ಇದೆ. 30 ದಿನದಲ್ಲಿ ಉತ್ತರ ಬರಬೇಕು. ತಪ್ಪು ಕಚೇರಿಗೆ ಹಾಕಿದ್ದರೆ 5 ದಿನದೊಳಗೆ ಸರಿಯಾದ ಕಡೆಗೆ ವರ್ಗಾಯಿಸುವುದು ಅವರದೇ ಹೊಣೆ. 6(3)ನೇ ಸೆಕ್ಷನ್ ತೋರಿಸಿ. 30 ದಿನ ದಾಟಿದರೆ ಮಾಹಿತಿಯನ್ನು ಪುಕ್ಕಟೆ ಕೊಡಬೇಕು. ಆಮೇಲೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ ಜಗ್ಗದಿದ್ದರೆ 90 ದಿನದೊಳಗೆ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿರುವ ಆಯೋಗಕ್ಕೆ ಎರಡನೆಯದು. ತಪ್ಪಿತಸ್ಥ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆದರೆ ಆಯೋಗದ ಸರದಿ ಉದ್ದ. ಮೊದಲ ಮೇಲ್ಮನವಿಯಲ್ಲೇ ಕೆಲಸ ಮುಗಿಸಿಕೊಳ್ಳಲು ನೋಡಿ. ಅಲ್ಲಿ ವಿಚಾರಣೆಗೆ ಕರೆದರೆ ತಪ್ಪದೆ ಹೋಗಿ, ಇಬ್ಬರಾಗಿ ಹೋಗಿ.

ಹೆಜ್ಜೆ 6: ಸಿಕ್ಕಿಕೊಂಡದ್ದೆಲ್ಲಿ?

ಕಾಗದ ಕೈಗೆ ಬಂದಮೇಲೆ ಓದುವುದು ಹೇಗೆ? ನಿಂತ ಕೆಲಸದ ಹಿಂದೆ ಸಾಮಾನ್ಯವಾಗಿ ಇವುಗಳಲ್ಲೊಂದು ಇರುತ್ತದೆ.

ಕಾರ್ಯಾದೇಶವಿದೆ, ಬಿಲ್ ಇಲ್ಲ, ಕೆಲಸವೂ ಇಲ್ಲ ಅಂದರೆ ಗುತ್ತಿಗೆದಾರನಿಗೆ ಹಿಂದಿನ ಕೆಲಸದ ಹಣ ಬಂದಿಲ್ಲದಿರಬಹುದು. ಬಾಕಿ ಬಿಲ್‌ಗಳ ಸರದಿ ನಮ್ಮ ನಗರದ ಹಳೇ ಕಾಯಿಲೆ. ಇದಕ್ಕೆ ಎಇ ಮೇಲೆ ಕೂಗಾಡಿ ಫಲವಿಲ್ಲ, ಕೀಲಿಕೈ ಹಣಕಾಸು ವಿಭಾಗದಲ್ಲಿದೆ. ಶಾಸಕರ ಕಚೇರಿ ಉಪಯೋಗಕ್ಕೆ ಬರುವುದು ಇಂಥ ಕಡೆ. ಸಣ್ಣ ಕೆಲಸವಾದರೆ ಶಾಸಕರ ವರ್ಷಕ್ಕೆ 2 ಕೋಟಿಯ ಪ್ರದೇಶಾಭಿವೃದ್ಧಿ ನಿಧಿಯಲ್ಲೂ ಕೇಳಬಹುದು. ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಮೋರಿಯ ಚಪ್ಪಡಿಗೂ ಜನ ಶಾಸಕರ ಮನೆ ಮುಂದೆ ನಿಲ್ಲುವುದು ರೂಢಿಯಾಗಿಬಿಟ್ಟಿತು.

ಬಿಲ್ ಆಗಿದೆ, ಸ್ಥಳದಲ್ಲಿ ಕೆಲಸವಿಲ್ಲ ಅಂದರೆ ಅದು ಬೇರೆಯೇ ಜಾತಿ. ಅಳತೆ ಪುಸ್ತಕದ ಪುಟ, ನಿಮ್ಮ ಟೇಪಿನ ಅಳತೆ, ತಾರೀಖಿರುವ ಫೋಟೊ, ಮೂರನ್ನೂ ಪಕ್ಕಪಕ್ಕ ಜೋಡಿಸಿಡಿ. ಇದರ ದಾರಿ ಮುಂದೆ ಹೇಳುತ್ತೇನೆ.

ಪೈಪು, ಕೇಬಲ್, ಕಂಬ ಅಡ್ಡ ಬಂದಿದ್ದರೆ ಯಾವ ತಾರೀಖಿಗೆ ಯಾವ ಸಂಸ್ಥೆಗೆ ಸ್ಥಳಾಂತರದ ಪತ್ರ ಹೋಗಿದೆ, ಹಣ ಕಟ್ಟಿದ್ದಾರೆಯೇ ಎಂದು ಕೇಳಿ. ಎಷ್ಟೋ ಸಲ ಪತ್ರವೇ ಹೋಗಿರುವುದಿಲ್ಲ. ಮರ ಅಡ್ಡವಿದ್ದರೆ ವೃಕ್ಷ ಅಧಿಕಾರಿಯ ಆದೇಶ. ರೈಲ್ವೆ ಹಳಿ ದಾಟುವ ಸೇತುವೆಯಾದರೆ ಹಳಿ ಮೇಲಿನ ಭಾಗ ರೈಲ್ವೆಯದು, ಎರಡೂ ಬದಿಯ ಇಳಿಜಾರು ಸ್ಥಳೀಯ ಸಂಸ್ಥೆಯದು. ನಡುವಿನದು ತಯಾರಾಗಿ ಅಕ್ಕಪಕ್ಕ ಗಾಳಿಯಲ್ಲಿ ನೇತಾಡುವ ಸೇತುವೆಗಳ ಮರ್ಮ ಇದು. ರಾಜಕಾಲುವೆ ಒತ್ತುವರಿ ಅಂದರೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್, ಗ್ರಾಮನಕ್ಷೆ ನೋಡಿಕೊಂಡು ತಹಶೀಲ್ದಾರರಿಗೂ ಬರೆಯಿರಿ. ಅಳೆದು ಗುರುತು ಹಾಕುವುದು ಕಂದಾಯದವರ ಕೆಲಸ, ಅವರು ಅಳೆಯದೆ ಎಂಜಿನಿಯರ್ ಜೆಸಿಬಿ ತರುವುದಿಲ್ಲ.

ನ್ಯಾಯಾಲಯದ ತಡೆಯಾಜ್ಞೆ ಎಂದರೆ ಪ್ರಕರಣದ ಸಂಖ್ಯೆ ಬರೆಸಿಕೊಳ್ಳಿ. ನ್ಯಾಯಾಲಯಗಳ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಸ್ಥಿತಿ ಎರಡು ನಿಮಿಷದಲ್ಲಿ ತಿಳಿಯುತ್ತದೆ. ತಡೆ ತೆರವಾಗಿ ತಿಂಗಳುಗಳಾಗಿದ್ದರೂ ‘ಕೋರ್ಟಲ್ಲಿದೆ ಸಾರ್’ ನಡೆಯುತ್ತಲೇ ಇರುವುದುಂಟು.

ಹೆಜ್ಜೆ 7: ಮೇಲಿನ ಮೆಟ್ಟಿಲು

ಎಲ್ಲರೂ ಹೈಕೋರ್ಟ್ ಅನ್ನುತ್ತಾರೆ. ರಸ್ತೆಗುಂಡಿಯ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2015ರಲ್ಲೇ ಹೈಕೋರ್ಟಿಗೆ ಹೋಗಿ ಆದೇಶದ ಮೇಲೆ ಆದೇಶ ಬಂದವು. ಗುಂಡಿಗಳ ಕಥೆ ನಿಮಗೇ ಗೊತ್ತು. ಒಂದು ಬೀದಿಯ ಸಮಸ್ಯೆಗೆ ನಾನು ಮೊದಲು ಹೇಳುವುದು ಖಾಯಂ ಜನತಾ ನ್ಯಾಯಾಲಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 22ಬಿ ಸೆಕ್ಷನ್‌ನಲ್ಲಿ ಇದು ಹುಟ್ಟಿದ್ದು. ನೀರು, ವಿದ್ಯುತ್, ನೈರ್ಮಲ್ಯ, ಸಾರಿಗೆಯಂಥ ಸಾರ್ವಜನಿಕ ಸೇವೆಯ ತಕರಾರು ಇಲ್ಲಿಗೆ ಬರುತ್ತವೆ. ಕೋರ್ಟ್ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ರಾಜಿ ಆಗದಿದ್ದರೆ ತೀರ್ಪು ಕೊಡುವ ಅಧಿಕಾರವೂ ಉಂಟು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. ಒಂದು ಮುಖ್ಯ ಷರತ್ತು, ಅದೇ ತಕರಾರು ಮೊದಲೇ ಬೇರೆ ನ್ಯಾಯಾಲಯಕ್ಕೆ ಹೋಗಿರಬಾರದು. ಇಷ್ಟು ಒಳ್ಳೆಯ ಬಾಗಿಲು ಇಷ್ಟು ಕಡಿಮೆ ಜನರಿಗೆ ಗೊತ್ತಿರುವುದು ನನಗೆ ಇನ್ನೂ ಆಶ್ಚರ್ಯ.

ಮಾಡದ ಕೆಲಸಕ್ಕೆ ಬಿಲ್ ಆದ ಜಾತಿಯದಾದರೆ ಲೋಕಾಯುಕ್ತ. ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ, ಜೊತೆಗೆ ದಾಖಲೆಗಳ ಪ್ರತಿ. ಕುಂದುಕೊರತೆಯಾದರೆ ವಿಷಯ ತಿಳಿದ 6 ತಿಂಗಳೊಳಗೆ, ಆಪಾದನೆಯಾದರೆ 5 ವರ್ಷದೊಳಗೆ ಕೊಡಬೇಕು. ಸುಳ್ಳು ದೂರಿಗೆ ಶಿಕ್ಷೆಯಿದೆ, ಆದ್ದರಿಂದ ಬರೀ ಗುಮಾನಿ ಹೊತ್ತುಕೊಂಡು ಹೋಗಬೇಡಿ. ಕೆರೆಗೆ ಕೊಳಚೆ, ಕೆರೆಯಂಗಳದ ಒತ್ತುವರಿಯಾದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು.

ಬೀದಿಗಿಂತ ದೊಡ್ಡದಾದರೆ

ಈಜಿಪುರ ಮೇಲ್ಸೇತುವೆಯ ಕೆಲಸ 2017ರಲ್ಲಿ ಶುರುವಾದಾಗ 2019ಕ್ಕೆ ಮುಗಿಯುವ ಮಾತಿತ್ತು. 2022ರಲ್ಲಿ ಗುತ್ತಿಗೆಯೇ ರದ್ದಾಗಿ ಕಂಬಗಳು ಕೋರಮಂಗಲದ ನಡುವೆ ಬೋಳಾಗಿ ನಿಂತವು. ಪೆರಿಫೆರಲ್ ರಿಂಗ್ ರಸ್ತೆಗೆ 2005ರಲ್ಲಿ ಪ್ರಾಥಮಿಕ, 2007ರಲ್ಲಿ ಅಂತಿಮ ಅಧಿಸೂಚನೆ. ಭೂಪರಿಹಾರದ ಜಗ್ಗಾಟದಲ್ಲಿ ರೈತರು ಮಾರಲೂ ಆಗದೆ ಕಟ್ಟಲೂ ಆಗದೆ ಮುದುಕರಾದರು. 148 ಕಿಲೋಮೀಟರಿನ ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ, 40 ತಿಂಗಳ ಭರವಸೆ. ಆ 40 ತಿಂಗಳು 2025ರ ಅಕ್ಟೋಬರಿಗೇ ತೀರಿದವು. ಆರ್.ವಿ. ರಸ್ತೆ–ಬೊಮ್ಮಸಂದ್ರ ಮೆಟ್ರೊದಲ್ಲಿ ಕಂಬ, ಹಳಿ, ನಿಲ್ದಾಣವೆಲ್ಲ ತಯಾರಿದ್ದೂ ರೈಲು ಬೋಗಿ ಬರಲಿಲ್ಲವೆಂದು ಕಾದು, ಕೊನೆಗೆ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು.

ನಾಲ್ಕೂ ತಡವೇ, ಕಾರಣ ಮಾತ್ರ ಬೇರೆ ಬೇರೆ. ಒಂದರಲ್ಲಿ ಗುತ್ತಿಗೆ, ಒಂದರಲ್ಲಿ ಜಮೀನು, ಇನ್ನೊಂದರಲ್ಲಿ ಬೋಗಿ. ಆದ್ದರಿಂದ ದೊಡ್ಡ ಯೋಜನೆಗೂ ಅದೇ ಪ್ರಶ್ನೆ ಹಿಡಿದುಕೊಂಡೇ ಹೋಗಿ, ಕಾಗದಗಳ ಹೆಸರು ಮಾತ್ರ ಬದಲು: ಮಾಸಿಕ ಪ್ರಗತಿ ವರದಿ, ಅವಧಿ ವಿಸ್ತರಣೆಯ ಆದೇಶ, ಬಾಕಿ ಭೂಸ್ವಾಧೀನದ ಪಟ್ಟಿ. ಇಡೀ ಯೋಜನೆಯ ಬೆನ್ನು ಹತ್ತಲು ಒಬ್ಬರಿಂದ ಆಗುವುದಿಲ್ಲ. ನಿಮ್ಮ ಹತ್ತಿರದ 500 ಮೀಟರ್ ಹಿಡಿದುಕೊಳ್ಳಿ. ಕಂಬದ ಸುತ್ತ ಬೇಲಿ ಇದೆಯೇ, ಸರ್ವಿಸ್ ರಸ್ತೆಗೆ ಡಾಂಬರಿದೆಯೇ, ರಾತ್ರಿ ಪ್ರತಿಫಲಕ ಹೊಳೆಯುತ್ತದೆಯೇ? ಯೋಜನೆ ಹತ್ತು ವರ್ಷ ಎಳೆದರೂ ಇವು ಹತ್ತು ದಿನದಲ್ಲಿ ಆಗಬಹುದಾದ ಕೆಲಸಗಳು, ಜೀವ ಉಳಿಸುವುದೂ ಇವೇ.

ಹಾಗೇ, ಎಲ್ಲ ತಡವನ್ನೂ ಬೈಯುವ ಮುಂಚೆ ಯೋಚಿಸಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಸೇತುವೆ ಕಟ್ಟಲು ಹೊರಟಾಗ 2016ರ ಅಕ್ಟೋಬರ್ 16ರಂದು ಜನ ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರವೇ ಯೋಜನೆ ಕೈಬಿಟ್ಟಿತು. ಟೆಂಡರ್ ಆದಮೇಲೆ ತಕರಾರು ತೆಗೆಯುವುದಕ್ಕಿಂತ ಕರಡು ಹಂತದ ಆಕ್ಷೇಪಣೆಗೆ ಬರೆದ ಒಂದು ಪುಟಕ್ಕೆ ಬೆಲೆ ಹೆಚ್ಚು. ಪತ್ರಿಕೆಯ ಒಳಪುಟದ ಸಣ್ಣಕ್ಷರದ ಪ್ರಕಟಣೆಗಳನ್ನು ಬೀದಿಯಲ್ಲಿ ಒಬ್ಬರಾದರೂ ಓದುತ್ತಿರಲಿ. ನಿವೃತ್ತ ಮೇಷ್ಟ್ರುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದವರು.

ಕೆಲಸ ಶುರುವಾದ ಮೇಲೆ

ಜೆಸಿಬಿ ಬಂತೆಂದು ಸಿಹಿ ಹಂಚಬೇಡಿ. ಅಂದಾಜು ಪಟ್ಟಿ ಕೈಯಲ್ಲಿದೆಯಲ್ಲ, ಅದರಲ್ಲಿ ಬರೆದಷ್ಟು ಆಳ, ಅಷ್ಟು ದಪ್ಪದ ಕಾಂಕ್ರೀಟ್, ಅಷ್ಟು ಅಂತರದ ಸರಳು ಇದೆಯೇ ನೋಡಿ. ಕಾಂಕ್ರೀಟ್ ಸುರಿಯುವ ಮುಂಚೆ ಸರಳಿನ ಫೋಟೊ ತೆಗೆಯಿರಿ, ಆಮೇಲೆ ಅದು ಕಾಣುವುದಿಲ್ಲ. ಕೆಲಸಗಾರರ ಮೇಲೆ ಕೂಗಾಡಬೇಡಿ. ಅವರು ಯಾದಗಿರಿಯಿಂದಲೋ ರಾಯಚೂರಿನಿಂದಲೋ ಕೂಲಿಗೆ ಬಂದವರು, ನಕ್ಷೆ ಅವರ ಕೈಯಲ್ಲಿಲ್ಲ. ಒಂದು ಕೊಡ ಕುಡಿಯುವ ನೀರಿಟ್ಟು, ತಕರಾರಿದ್ದರೆ ಎಇಗೆ ಬರೆಯಿರಿ.

ಮುಗಿದ ದಿನ ಮತ್ತೊಮ್ಮೆ ಟೇಪ್ ಹಿಡಿಯಿರಿ. ಕೆಲಸ ಮುಗಿದ ಪ್ರಮಾಣಪತ್ರದ ತಾರೀಖು ಕೇಳಿ ತಿಳಿದುಕೊಳ್ಳಿ, ದೋಷ ಹೊಣೆಗಾರಿಕೆ ಅವಧಿ ಅಲ್ಲಿಂದ ಎಣಿಕೆಯಾಗುತ್ತದೆ. ಆ ಅವಧಿಯಲ್ಲಿ ಬಿರುಕು ಬಿಟ್ಟರೆ, ಕುಸಿದರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ಪಾಲಿಕೆಯ ಹಣ ಕೇಳಬೇಕಾಗಿಲ್ಲ, ಹೊಸ ಟೆಂಡರ್ ಬೇಕಾಗಿಲ್ಲ. ಅವಧಿ ಮುಗಿದ ಮರುದಿನ ಬಿರುಕು ಕಂಡರೆ ಮತ್ತೆ ಮೊದಲ ಹೆಜ್ಜೆಯಿಂದ ಶುರು.

ನಮ್ಮ ಬೀದಿಯ ಎರಡನೇ ಜಾಬ್ ಕೋಡಿನ ಚರಂಡಿ ಕೊನೆಗೂ ಆಯಿತು. ಅಜ್ಜಿಯ ಹಳೇ ಬಾಗಿಲು ಈಗ ಅರಳಿಮರದ ಕಟ್ಟೆಗೆ ಒರಗಿದೆ. ಅದರ ಬೆನ್ನಿನ ಮೇಲೆ ಮೂಲೆಯಂಗಡಿ ಹುಡುಗ ಸುಣ್ಣದಲ್ಲಿ ಒಂದು ತಾರೀಖು ಬರೆದಿದ್ದಾನೆ, ಹೊಣೆಗಾರಿಕೆ ಅವಧಿ ಮುಗಿಯುವ ದಿನದ್ದು. ಅದಕ್ಕೆ ಒಂದು ತಿಂಗಳು ಮುಂಚೆ ಇಡೀ 240 ಮೀಟರ್ ನಡೆದು ಚಪ್ಪಡಿ ತಟ್ಟಿ ನೋಡುವುದೆಂದು ಮಾತಾಗಿದೆ.